ತೊಳೆದ ನೀರು

ಹೇಳುವುದೇ ಆದರೆ ಮೊದಲ ವಾಕ್ಯ ಯಾವುದು? 'ಒಂದು ಸಣ್ಣ ವಿಷಯ ಹೇಳುವುದಿತ್ತು' ಎಂದು ಶುರು ಮಾಡಿದರೆ ಪ್ರಯೋಗಾಲಯದ ಮುಖ್ಯಸ್ಥರಾದ ಮೇಷ್ಟ್ರು ಕನ್ನಡಕದ ಮೇಲಿಂದ ನೋಡಿ, ಸಣ್ಣದಾದರೆ ಆಮೇಲೆ ಹೇಳಯ್ಯಾ ಎನ್ನುತ್ತಾರೆ. ಆಮೇಲೆ ಎನ್ನುವುದು ಆರು ವರ್ಷದಿಂದ ಬಂದಿಲ್ಲ. 'ಒಂದು ತಪ್ಪಾಗಿತ್ತು' ಎನ್ನಬಹುದು. ಆಗಿತ್ತು ಎಂದರೆ ಯಾರೂ ಮಾಡದೆ, ಗಾಳಿಗೆ ಕಿಟಕಿ ಬಡಿದುಕೊಂಡ ಹಾಗೆ, ತಾನಾಗಿಯೇ ಆದದ್ದು ಎಂದು ಕೇಳಿಸುತ್ತದೆ. ಆದರೆ ಯಾರಿಂದ ಎಂಬ ಪ್ರಶ್ನೆ ಅದರ ಬೆನ್ನಿಗೇ ಬರುತ್ತದೆ. ಅವನು ಮಾವನ ಮಂಚದ ಪಕ್ಕ ಮೊಣಕಾಲೂರಿ ಕೂತು, ಮಂಚದ ಕಂಬಿಗೆ ತೂಗುಹಾಕಿದ್ದ ಮೂತ್ರದ ಚೀಲದ ತಳದ ಬಿರಡೆ ತೆರೆದು ಪ್ಲಾಸ್ಟಿಕ್ ಜಗ್ಗಿಗೆ ಬಸಿಯುತ್ತ, ಈ ಎರಡು ವಾಕ್ಯಗಳನ್ನೂ ಬಾಯೊಳಗೇ ಹೊರಳಿಸಿ ನೋಡಿದ. ಹನ್ನೊಂದು ಗಂಟೆಗೆ ಸಭೆ. ಸಭೆಯಲ್ಲಿ ಮೇಷ್ಟ್ರ ಬಳಿ ಸಂಶೋಧನೆ ಮಾಡುವ ಆ ಹುಡುಗಿ ಕೊನೆಯ ಸಲ ತನ್ನ ಫಲಿತಾಂಶ ತೋರಿಸುತ್ತಾಳೆ. ತೋರಿಸಲು ಅವಳ ಬಳಿ ಏನೂ ಇಲ್ಲ ಎಂಬುದು ಪ್ರಯೋಗಾಲಯದ ಪೊರಕೆಗೂ ಗೊತ್ತು. ಎರಡೂವರೆ ವರ್ಷ ಅವನ ಪ್ರಯೋಗವನ್ನೇ ಮತ್ತೆ ಮತ್ತೆ ಮಾಡಿ, ಅವನಿಗೆ ಬಂದದ್ದು ಅವಳಿಗೆ ಬಂದಿಲ್ಲ. ಇವತ್ತು ಅವಳನ್ನು ಸಂಶೋಧನೆಯಿಂದ ಬಿಡಿಸುತ್ತಾರೆ. ಯಾಕೆ ಬಂದಿಲ್ಲ ಎಂಬುದು ಭೂಮಿಯ ಮೇಲೆ ಅವನೊಬ್ಬನಿಗೆ ಗೊತ್ತು. ಜಗ್ಗಿನಲ್ಲಿ ಮೂತ್ರ ಮಬ್ಬಾಗಿತ್ತು, ಎಳೆ ಎಳೆಯಾಗಿ ಏನೋ ತೇಲುತ್ತಿತ್ತು. ಟ್ಯೂಬಿನ ಒಳಗೋಡೆಗೆ ತೆಳ್ಳಗೆ ಲೋಳೆ ಕಟ್ಟಿದ್ದು ಬೆಳಕಿಗೆ ಹಿಡಿದರೆ ಕಾಣುತ್ತಿತ್ತು. ಅವನು ಬೆಳಕಿಗೆ ಹಿಡಿಯಲಿಲ್ಲ.

"ಎಷ್ಟಪ್ಪಾ ಇವತ್ತು?" ಮಾವ ಕಣ್ಣು ಮುಚ್ಚಿಕೊಂಡೇ ಕೇಳಿದರು.

"ಆರುನೂರು ಮಾವ."

"ಪಾಸೋ ಫೇಲೋ?"

"ಪಾಸು."

"ನೋಡು, ಈ ವಯಸ್ಸಲ್ಲಿ ನಾನು ದಿನಾ ಪಾಸಾಗೋದು ಇದೊಂದು ಪರೀಕ್ಷೆಲೇ."

ಮಾವ ಮೂವತ್ತೆಂಟು ವರ್ಷ ಒಂದು ಮುದ್ರಣಾಲಯದಲ್ಲಿ ಕರಡು ತಿದ್ದಿದವರು. ಔಷಧಿ ಚೀಟಿಯನ್ನೂ ಬೆರಳಿಟ್ಟು ಅಕ್ಷರ ಅಕ್ಷರವಾಗಿ ಓದುತ್ತಾರೆ. ಬಿಸ್ಕತ್ತಿನ ಪೊಟ್ಟಣದ ಮೇಲೆ ಒಂದು ಕೊಂಬು ಬಿಟ್ಟುಹೋಗಿದ್ದರೆ ಆ ದಿನವೆಲ್ಲ ಅವರಿಗೆ ಬಿಸ್ಕತ್ತು ರುಚಿಸುವುದಿಲ್ಲ. ಅಳಿಯನ ಪ್ರಬಂಧ ಅಚ್ಚಾಗಿ ಬಂದಾಗ ಅದರ ಒಂದು ಸಾಲೂ ಅರ್ಥವಾಗದಿದ್ದರೂ ಕೆಂಪು ಪೆನ್ಸಿಲ್ ಹಿಡಿದು ನಾಲ್ಕು ದಿನ ಓದಿ, ಐದನೆಯ ದಿನ ಊಟಕ್ಕೆ ಕೂತಾಗ, ಒಂದೂ ತಪ್ಪಿಲ್ಲ ಕಣಪ್ಪಾ, ಇಂಥಾ ಶುದ್ಧ ಪ್ರತಿ ನಾನು ನೋಡಿಲ್ಲ ಎಂದಿದ್ದರು. ಮೂತ್ರದ ಟ್ಯೂಬು ಹಾಕಿಸಿಕೊಂಡ ಮೇಲಂತೂ ಆ ಪ್ರಬಂಧ ಪ್ಲಾಸ್ಟಿಕ್ ಹೊದಿಕೆಯೊಂದಿಗೆ ಅವರ ತಲೆದಿಂಬಿನ ಪಕ್ಕಕ್ಕೆ ಬಂದಿತ್ತು. ಟ್ಯೂಬಿನ ಒಳಗೆ ಬ್ಯಾಕ್ಟೀರಿಯಾ ಬೆಳೆಯದ ಹಾಗೆ ಮಾಡುವ ಲೇಪವನ್ನು ಕಂಡುಹಿಡಿದವನು ತನ್ನ ಮನೆಯ ಅಳಿಯ ಎಂದು ಅವರು ಡಾಕ್ಟರಿಗೆ ಹೇಳಿದ್ದರು, ನರ್ಸಿಗೆ ಹೇಳಿದ್ದರು, ಆಸ್ಪತ್ರೆಯಲ್ಲಿ ಪಕ್ಕದ ಮಂಚದವನಿಗೆ ಅವನು ಕೇಳದಿದ್ದರೂ ಹೇಳಿದ್ದರು.

"ಮಾವ," ಎಂದ ಅವನು, ಬಿರಡೆ ಮುಚ್ಚುತ್ತ. "ಅಚ್ಚಾದ ಮೇಲೆ ತಪ್ಪು ಕಣ್ಣಿಗೆ ಬಿದ್ರೆ ನೀವು ಏನು ಮಾಡ್ತಿದ್ರಿ?"

"ಒಪ್ಪೋಲೆ ಹಾಕ್ತಿದ್ವಿ. ಇಂಥಾ ಪುಟ, ಇಂಥಾ ಸಾಲು, ಹೀಗಲ್ಲ ಹೀಗೆ ಅಂತ ಒಂದು ಚೀಟಿ ಅಚ್ಚು ಮಾಡಿ ಕೊನೇ ಪುಟಕ್ಕೆ ಅಂಟಿಸ್ತಿದ್ವಿ. ಒಬ್ಬನೂ ಓದ್ತಿರ್ಲಿಲ್ಲ ಅನ್ನು."

"ಮತ್ಯಾಕೆ ಅಂಟಿಸ್ತಿದ್ರಿ?"

"ನಮಗೆ ನಿದ್ದೆ ಬರೋದಕ್ಕೆ." ಮಾವ ಕಣ್ಣು ತೆರೆದರು. ಜ್ವರಕ್ಕೆ ಕಣ್ಣು ಕೆಂಪಗಿತ್ತು. "ಯಾಕೆ, ನಿನ್ನ ಪೇಪರಲ್ಲಿ ನನ್ನ ಕಣ್ಣಿಗೆ ತಪ್ಪಿಸ್ಕೊಂಡಿದ್ದು ಏನಾದ್ರೂ ಇದ್ಯಾ?"

"ಛೆ, ಸುಮ್ನೆ ಕೇಳ್ದೆ."

ಹೆಂಡತಿ ಬಾಗಿಲಲ್ಲಿ ಥರ್ಮಾಮೀಟರು ಒರೆಸುತ್ತ ನಿಂತಿದ್ದಳು. ಅವಳು ಕನ್ನಡಕದ ಅಂಗಡಿಯೊಂದರಲ್ಲಿ ಕಣ್ಣು ಪರೀಕ್ಷೆ ಮಾಡುವವಳು. ಎದುರಿಗಿದ್ದವರ ಮುಖಕ್ಕಿಂತ ಕಣ್ಣನ್ನೇ ನೋಡಿ ಮಾತಾಡುವುದು ಅವಳಿಗೆ ರೂಢಿಯಾಗಿತ್ತು. "ನೂರಾ ಎರಡು ರೀ. ಈ ವರ್ಷಕ್ಕೆ ಇದು ನಾಲ್ಕನೇ ಸಲ. ಸಾಯಂಕಾಲ ಡಾಕ್ಟ್ರು ಬಂದು ಟ್ಯೂಬ್ ಬದಲಾಯಿಸ್ತಾರಂತೆ," ಎಂದಳು. ಆಮೇಲೆ ದನಿ ತಗ್ಗಿಸಿ, "ನಿಮ್ಮದು ಒಂದೇ ಒಂದು ಕೊಡಕ್ಕಾಗಲ್ವಾ? ಪರೀಕ್ಷೆಗೆ ಅಂತಾದ್ರೂ?" ಎಂದಳು. ಅದಕ್ಕೆಲ್ಲ ಒಪ್ಪಿಗೆ ಬೇಕು, ಕಾನೂನಿದೆ ಎಂದು ಅವನು ಅಂದ. ಕಾನೂನು ಇದ್ದದ್ದು ನಿಜ. ಆರು ವರ್ಷದಲ್ಲಿ ಅವನು ಕಲಿತ ವಿದ್ಯೆಯೇ ಅದು: ಸುಳ್ಳು ಹೇಳುವ ಕಷ್ಟ ತೆಗೆದುಕೊಳ್ಳದೆ, ಹತ್ತಿರದಲ್ಲಿ ಬಿದ್ದಿರುವ ಒಂದು ನಿಜವನ್ನು ಎತ್ತಿ ಅಡ್ಡ ಹಿಡಿಯುವುದು. ಕೈ ತೊಳೆದುಕೊಂಡ. ಸೋಪು ಹಚ್ಚಿ, ಬೆರಳ ಸಂದುಗಳನ್ನು ಉಜ್ಜಿ, ಮತ್ತೆ ತೊಳೆದುಕೊಂಡ. ಎಷ್ಟು ಹೊತ್ತು ತೊಳೆಯುತ್ತಿದ್ದೇನೆ ಎಂದು ಲೆಕ್ಕ ಹಾಕುತ್ತಿರುವುದು ಅರಿವಿಗೆ ಬಂದು ನಲ್ಲಿ ನಿಲ್ಲಿಸಿದ.

ಬಸ್ಸಿನಲ್ಲಿ ಕಿಟಕಿಯ ಸೀಟು ಸಿಕ್ಕಿತು. ಮುಂದಿನ ಸೀಟಿನ ಹಿಂಬದಿಗೆ ಯಾರೋ ಅಂಟಿಸಿ ಕಿತ್ತ ಚೀಟಿಯ ಅರ್ಧ ಉಳಿದಿತ್ತು. ಅವನ ಉಗುರು ತಾನಾಗಿಯೇ ಅದನ್ನು ಕೆರೆಯತೊಡಗಿತು. ಅಂಟುವುದು, ಅಂಟದೇ ಇರುವುದು. ಅವನ ಇಡೀ ವಿದ್ಯೆ ಅಷ್ಟೇ. ಟ್ಯೂಬಿನ ಸಿಲಿಕೋನ್ ರಬ್ಬರನ್ನು ಓಜೋನ್ ಅನಿಲದಲ್ಲಿಟ್ಟು ಕೆರಳಿಸಿ, ಅದರ ಮೈಮೇಲೆ ಪಾಲಿಮರಿನ ಸರಪಳಿಗಳನ್ನು ಹುಲ್ಲಿನ ಹಾಗೆ ಬೆಳೆಸಿ, ಆ ಸರಪಳಿಯ ಕೊಂಡಿಕೊಂಡಿಗೂ ಧನ ವಿದ್ಯುದಂಶದ ಒಂದು ಗುಂಪನ್ನು ಸೇರಿಸುವುದು. ಬ್ಯಾಕ್ಟೀರಿಯಾದ ಪೊರೆಯಲ್ಲಿರುವುದು ಋಣ. ಬಂದು ತಗುಲಿದರೆ ಪೊರೆ ಹರಿದು ಸಾಯುತ್ತದೆ. ಆದರೆ ಸರಪಳಿ ರಬ್ಬರನ್ನು ಕಚ್ಚಿಕೊಂಡೇ ಕೊಲ್ಲಬೇಕು. ಕಚ್ಚದೆ ಸುಮ್ಮನೆ ಮೇಲೆ ಕೂತ ಪಾಲಿಮರು ಬಿಟ್ಟು ಬಂದು ಕೊಂದರೆ ಅದು ಲೇಪವಲ್ಲ, ಔಷಧಿ ಸವರಿದ ಹಾಗೆ, ನಾಲ್ಕು ದಿನದಲ್ಲಿ ಮೂತ್ರದ ಜೊತೆ ಕೊಚ್ಚಿಹೋಗುತ್ತದೆ. ಅದಕ್ಕೇ ತೊಳೆಯುವುದು. ಗಾಜಿನ ಬುರುಡೆಯಲ್ಲಿ ನೀರು ಕುದಿದು ಆವಿಯಾಗಿ ಮೇಲೇರಿ, ತಣಿದು ಹನಿಹನಿಯಾಗಿ ಲೇಪ ಬೆಳೆಸಿದ ರಬ್ಬರ್ ತುಂಡುಗಳ ಮೇಲೆ ಬಿದ್ದು, ಅವುಗಳಿರುವ ಗಾಜಿನ ಕೊಳವೆ ತುಂಬಿದ ಕೂಡಲೇ ಗಳಗಳ ಎಂದು ಒಂದೇ ಸಲಕ್ಕೆ ಕೆಳಗಿಳಿಯುತ್ತದೆ. ಮತ್ತೆ ಹನಿ, ಮತ್ತೆ ತುಂಬುವುದು, ಮತ್ತೆ ಗಳಗಳ. ಹೀಗೆ ಎಪ್ಪತ್ತೆರಡು ಗಂಟೆ. ಅಂಟದೇ ಇದ್ದದ್ದೆಲ್ಲ ನೀರಿನಲ್ಲಿ ಹೋಗಿ, ಅಂಟಿದ್ದು ಮಾತ್ರ ಉಳಿಯಬೇಕು. ಆಗ ಆ ತುಂಡಿನ ಮೇಲೆ ಬ್ಯಾಕ್ಟೀರಿಯಾ ಬಿಟ್ಟು, ಒಂದೆರಡು ಗಂಟೆ ಕಾದು, ಉಳಿದವನ್ನು ಆಹಾರದ ತಟ್ಟೆಗೆ ಹರಡಿದರೆ, ಬದುಕಿದ ಒಂದೊಂದೂ ಬೆಳೆದು ಒಂದೊಂದು ಚುಕ್ಕೆಯಾಗುತ್ತದೆ. ಚುಕ್ಕೆಯಿಲ್ಲದ ತಟ್ಟೆ ಎಂದರೆ ಗೆದ್ದ ಹಾಗೆ.

ಅವನ ತಟ್ಟೆಗಳು ನಾಲ್ಕು ವರ್ಷ ಚುಕ್ಕೆಯ ಮೇಲೆ ಚುಕ್ಕೆ. ತುಂಬಿದ ಸಭೆಯಲ್ಲಿ ಮೇಷ್ಟ್ರು ಅವನ ಒಂದು ತಟ್ಟೆಯನ್ನು ಕಿಟಕಿಗೆ ಹಿಡಿದು, "ನಿನ್ನ ಕೈಯಲ್ಲಿ ಬ್ಯಾಕ್ಟೀರಿಯಾಗಳು ಮೈಕೈ ತುಂಬ್ಕೊಂಡಿದಾವಲ್ಲಯ್ಯಾ! ಸಾಯಿಸು ಅಂದ್ರೆ ಸಾಕ್ತಾ ಇದೀಯಾ? ಹೆಸರೂ ಇಟ್ಟಿದೀಯೋ ಹೇಗೆ?" ಎಂದಿದ್ದರು. ಎಲ್ಲರೂ ನಕ್ಕಿದ್ದರು. ಅವನೂ ನಕ್ಕಿದ್ದ, ಎಲ್ಲರಿಗಿಂತ ಒಂದು ಕ್ಷಣ ಹೆಚ್ಚು. ಆ ಹೆಚ್ಚಿನ ಒಂದು ಕ್ಷಣ ಈಗಲೂ, ಬಸ್ಸಿನಲ್ಲಿ, ಚೀಟಿ ಕೆರೆಯುವಾಗ, ಕೆನ್ನೆಯನ್ನು ಬಿಸಿ ಮಾಡಿತು. ಆಮೇಲೆ ಆ ದಿನ ಬಂತು. ಮಾರನೆಯ ಬೆಳಿಗ್ಗೆ ಹಣ ಮಂಜೂರು ಮಾಡುವ ದೊಡ್ಡ ಸಮಿತಿಯ ಮುಂದೆ ಮೇಷ್ಟ್ರು ಏನನ್ನಾದರೂ ತೋರಿಸಲೇಬೇಕಿತ್ತು. ಮಧ್ಯಾಹ್ನ ಎರಡು ಗಂಟೆಗೆ ಬಂದು ಬಾಗಿಲ ಚೌಕಟ್ಟಿಗೆ ಕೈ ಊರಿ ನಿಂತು, "ಹೊಸ ತುಂಡು ಎಲ್ಲಿಗೆ ಬಂತು?" ಎಂದರು. ಈಗ ತೊಳೆಯಲು ಹಾಕಬೇಕು, ಮೂರು ದಿನ ಎಂದ. ಅವರು ಗಡಿಯಾರ ನೋಡಿದರು, ಅವನನ್ನು ನೋಡಿದರು, ಹೊರಟುಹೋದರು. ತೊಳೆಯಬೇಡ ಎಂದು ಅವರು ಹೇಳಲಿಲ್ಲ. ಅವನು ತುಂಡುಗಳನ್ನು ಒಂದು ಬೀಕರಿನ ನೀರಿಗೆ ಹಾಕಿ, ಕಲಕುವ ಯಂತ್ರದ ಮೇಲಿಟ್ಟು, ಸದ್ಯಕ್ಕೆ ಇಷ್ಟು, ಆಮೇಲೆ ಸರಿಯಾಗಿ ಮಾಡೋಣ ಎಂದುಕೊಂಡು, ನಲವತ್ತು ನಿಮಿಷಕ್ಕೆ ತೆಗೆದ. ಬೆಳಿಗ್ಗೆ ತಟ್ಟೆ ತೆಗೆದು ನೋಡಿದರೆ ಒಂದು ಚುಕ್ಕೆಯಿಲ್ಲ. ತೊಳೆದಿಟ್ಟ ಗಾಜಿನ ಹಾಗೆ ಖಾಲಿ. ಮೇಷ್ಟ್ರು ಅವನ ಬಲಗೈಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು, "ಕೈಗುಣ ಕಣಯ್ಯಾ, ಇದು ಕೈಗುಣ!" ಎಂದರು. ಆ ಕೈ ಅವತ್ತು ಎಷ್ಟು ಬೆಚ್ಚಗಿತ್ತು! ಪ್ರಬಂಧ ಬರೆಯುವಾಗ ತೊಳೆಯುವ ವಿಧಾನದ ಸಾಲನ್ನು ಹಳೆಯ ಪ್ರಬಂಧದಿಂದ ಎತ್ತಿ ಇಟ್ಟುಕೊಂಡ; ಎಲ್ಲರೂ ಹಾಗೇ ಮಾಡುತ್ತಿದ್ದರು, ಆ ಸಾಲು ಆ ಪ್ರಯೋಗಾಲಯದ ಮೇಜು ಕುರ್ಚಿಗಳಷ್ಟೇ ಹಳೆಯದು. 'ತುಂಡುಗಳನ್ನು ಎಪ್ಪತ್ತೆರಡು ಗಂಟೆ ತೊಳೆಯಲಾಯಿತು.' ಮಾವನ ಬೆರಳು ಆ ಸಾಲಿನ ಮೇಲೂ ಹಾದುಹೋಗಿ ಒಂದೂ ತಪ್ಪು ಕಂಡಿರಲಿಲ್ಲ.

ಎರಡು ತಿಂಗಳ ನಂತರ, ಪ್ರಬಂಧ ಹೊರಟುಹೋದ ಮೇಲೆ, ಸಾಲು ರಜೆಗಳು ಬಂದವು. ಪ್ರಯೋಗಾಲಯದಲ್ಲಿ ನರಪಿಳ್ಳೆಯಿಲ್ಲ. ಅವನು ಒಬ್ಬನೇ ಹೋಗಿ, ಉಳಿದಿದ್ದ ತುಂಡುಗಳನ್ನು ಗಾಜಿನ ಉಪಕರಣದಲ್ಲಿಟ್ಟು ಬಾಗಿಲು ಹಾಕಿಕೊಂಡು ಮೂರು ದಿನ ಕೂತ. ಸರಿಯಾಗಿ ಹದಿನೆಂಟು ನಿಮಿಷಕ್ಕೊಮ್ಮೆ ಗಳಗಳ. ಪುಸ್ತಕ ಓದಲು ನೋಡಿದ, ಆಗಲಿಲ್ಲ. ಆ ಸದ್ದಿಗೆ ಕಾಯುವುದೊಂದೇ ಕೆಲಸವಾಯಿತು. ತೊಳೆದ ನೀರನ್ನೂ ಎಸೆಯದೆ ಇಟ್ಟುಕೊಂಡ. ಆ ನೀರಿನಲ್ಲಿ ಬ್ಯಾಕ್ಟೀರಿಯಾ ಬಿಟ್ಟು ಒಂದು ತಟ್ಟೆ, ತೊಳೆದ ತುಂಡಿನ ಮೇಲೆ ಬಿಟ್ಟು ಇನ್ನೊಂದು. ಮಾರನೆಯ ದಿನ ನೋಡಿದ. ನೀರಿನ ತಟ್ಟೆ ಖಾಲಿ. ತುಂಡಿನ ತಟ್ಟೆಯಲ್ಲಿ ಕಂಬಳಿ ಹಾಸಿದ ಹಾಗೆ ಬೆಳೆದಿದ್ದವು, ಅವನ ಹಳೆಯ ಸಾಕುಪ್ರಾಣಿಗಳು. ಕೊಂದದ್ದು ಲೇಪವಲ್ಲ, ಲೇಪದ ಮೇಲೆ ಕೂತಿದ್ದ ಕೊಳೆ. ಅವನು ಎರಡೂ ತಟ್ಟೆಗಳನ್ನು ಚೀಲಕ್ಕೆ ಹಾಕಿ, ಬಾಯಿ ಕಟ್ಟಿ, ಕ್ರಿಮಿ ಸಾಯಿಸುವ ಉಗಿಪಾತ್ರೆಗೆ ತಳ್ಳಿ ಮುಚ್ಚಳ ಬಿಗಿದ. ಬೆಂದ ಆಹಾರದ ಕಮಟು ವಾಸನೆ ಕೋಣೆಯೆಲ್ಲ ತುಂಬಿತು. ಅಲ್ಲಿಯತನಕ ಆದದ್ದು ತಪ್ಪು. ಆ ಮುಚ್ಚಳ ಬಿಗಿದ ಮೇಲಿನದಕ್ಕೆ ಏನು ಹೆಸರು ಎಂದು ಅವನು ಯೋಚಿಸಲು ಹೋಗಲಿಲ್ಲ. ದೂರದ ಯಾರೋ ಒಬ್ಬರು ಒಮ್ಮೆ ಪತ್ರ ಬರೆದು, ನಮಗೆ ನಿಮ್ಮ ಹಾಗೆ ಬರುತ್ತಿಲ್ಲ ಎಂದಿದ್ದರು. ಮೊದಲ ಹಂತದಲ್ಲಿ ತೇವದ ಬಗ್ಗೆ ಎಚ್ಚರ ವಹಿಸಿ ಎಂದು ಉತ್ತರಿಸಿದ್ದ. ಅವರು ವಂದನೆ ತಿಳಿಸಿದ್ದರು.

ಇಳಿಯುವ ನಿಲ್ದಾಣ ಬಂತು. ಸೀಟಿನ ಚೀಟಿ ಪೂರ್ತಿ ಹೋಗಿತ್ತು, ಅಂಟು ಮಾತ್ರ ಉಗುರಿನಡಿ ಉಳಿದಿತ್ತು.

ಆ ಹುಡುಗಿ ತನ್ನ ಮೇಜಿನ ಹತ್ತಿರವೇ ಇದ್ದಳು. ಎಲ್ಲರೂ ಅವಳನ್ನು ಎಪ್ಪತ್ತೆರಡು ಎಂದೇ ಕರೆಯುತ್ತಿದ್ದರು. ಬಂದ ಹೊಸದರಲ್ಲಿ ಊಟಕ್ಕೆ ಕರೆದರೆ, ಇನ್ನು ಹದಿನಾಲ್ಕು ಗಂಟೆ ಇದೆ, ಇನ್ನು ಆರು ಗಂಟೆ ಇದೆ ಎಂದು ಗಾಜಿನ ಪಕ್ಕದಿಂದ ಏಳುತ್ತಲೇ ಇರಲಿಲ್ಲ. ಹೆಸರಿಟ್ಟವನು ಅವನೇ. ಅವಳು ಮೊದಲನೆಯ ಸಲ ಪೂರ್ತಿ ಮೂರು ದಿನ ತೊಳೆದಾಗ ಹುಟ್ಟಿದ ಭಯವನ್ನು ಮುಚ್ಚಿಕೊಳ್ಳಲು, "ಏನಮ್ಮಾ ಎಪ್ಪತ್ತೆರಡು, ಅರುವತ್ತಕ್ಕೆ ತೆಗೆದ್ರೆ ಏನು ಆಕಾಶ ಬೀಳತ್ತಾ?" ಎಂದಿದ್ದ. ಉಳಿದವರು ಹೆಸರನ್ನು ಎತ್ತಿಕೊಂಡರು. ಅವಳು ಅದಕ್ಕೂ ಬೇಸರಪಡಲಿಲ್ಲ. "ಪೇಪರಲ್ಲಿ ನೀವು ಬರೆದಿದೀರಲ್ಲ ಸರ್," ಎಂದಿದ್ದಳು, ನಗುತ್ತ. ಮೋಸದ ಲವಲೇಶವೂ ಇಲ್ಲದವರ ನಗುವಿನಲ್ಲಿ ಒಂದು ಬಗೆಯ ಕ್ರೌರ್ಯವಿರುತ್ತದೆ ಎಂದು ಅವನಿಗೆ ಆಗ ಅನ್ನಿಸಿತ್ತು. ಅವಳು ಒಂದೇ ಒಂದು ಸಲ ಸೋಮಾರಿಯಾಗಿದ್ದರೆ ಸಾಕಿತ್ತು. ಒಂದೇ ಒಂದು ಸಲ ಸಿನಿಮಾಕ್ಕೆ ಹೋಗುವ ಆತುರದಲ್ಲಿ ಎರಡೇ ಗಂಟೆ ತೊಳೆದು ತುಂಡು ತೆಗೆದಿದ್ದರೆ ಅವನ ತಟ್ಟೆಯೇ ಅವಳಿಗೂ ಬರುತ್ತಿತ್ತು, ಅವಳ ಕೈಗೂ ಗುಣವಿದೆ ಎನ್ನುತ್ತಿದ್ದರು, ಇಬ್ಬರೂ ಬದುಕಿಕೊಳ್ಳುತ್ತಿದ್ದರು. ಎರಡೂವರೆ ವರ್ಷದಲ್ಲಿ ಅವಳು ಆ ಉಪಕಾರ ಮಾಡಲಿಲ್ಲ.

"ಸರ್, ಗುಡ್ ಮಾರ್ನಿಂಗ್. ಮಾವನವರಿಗೆ ಹೇಗಿದೆ?"

"ಹಾಗೇ ಇದೆ. ರೆಡಿನಾ?"

"ಹೊಡೆಸ್ಕೊಳ್ಳೋದಕ್ಕೆ ಏನು ರೆಡಿ ಸರ್, ಬೆನ್ನು ಇದ್ರೆ ಸಾಕು," ಎಂದಳು. ಆಮೇಲೆ, "ಕೊನೇಲಿ ಒಂದು ಹೊಸ ಫೋಟೋ ಇದೆ. ಮೊದಲೇ ನಿಮಗೆ ತೋರಿಸ್ಬೇಕು ಅಂತಿದ್ದೆ," ಎಂದಳು. ಸಭೆಯಲ್ಲೇ ನೋಡೋಣ ಬಿಡು ಎಂದ. ಅದು ಏನೆಂದು ಅವನ ಮೈಗೆ ಮೊದಲೇ ತಿಳಿದುಹೋಗಿತ್ತು. ಈಗ, ಇಲ್ಲೇ, ಈ ಗಾಜಿನ ಪಕ್ಕ, ಯಾರೂ ಇಲ್ಲದಾಗ ಹೇಳಿಬಿಡಬಹುದು. ಮೊದಲ ವಾಕ್ಯ 'ನೋಡಮ್ಮಾ' ಎಂದಿರಲಿ. ನೋಡಮ್ಮಾ ಎಂದರೆ ಮುಂದಿನದು ತಾನಾಗಿ ಬರುತ್ತದೆ. "ನೋಡಮ್ಮಾ," ಎಂದ. ಅವಳು ನೋಡಿದಳು. "ನಿಧಾನವಾಗಿ ಮಾತಾಡು. ಮೇಷ್ಟ್ರಿಗೆ ಆತುರದ ಮಾತು ಆಗಲ್ಲ," ಎಂದ.

ಸಭೆಯ ಕೋಣೆ ಚಿಕ್ಕದು. ಉದ್ದನೆಯ ಮೇಜಿನ ಒಂದು ಮೂಲೆಯ ಲ್ಯಾಮಿನೇಟು ಎದ್ದು ಬಂದಿತ್ತು. ಬರುವವರೆಲ್ಲ ಅದನ್ನು ಒಮ್ಮೆ ಒತ್ತಿ ಕೂರಿಸುವುದು, ಅದು ಮತ್ತೆ ಏಳುವುದು. ಮೇಷ್ಟ್ರು ತಲೆಯ ಕಡೆ, ಅವನು ಅವರ ಬಲಕ್ಕೆ. ಉಳಿದ ಐದಾರು ಜನ ವಿದ್ಯಾರ್ಥಿಗಳು ಗೋಡೆಗೆ ಒರಗಿ, ಇನ್ನೊಬ್ಬರ ಹಲ್ಲು ಕೀಳಿಸುವುದನ್ನು ನೋಡಲು ಬಂದವರ ಮುಖ ಮಾಡಿಕೊಂಡು ಕೂತಿದ್ದರು. ಅವಳು ನಿಧಾನವಾಗಿಯೇ ಮಾತಾಡಿದಳು. ಹನ್ನೊಂದು ಸಲ ಮಾಡಿದ್ದು, ಹನ್ನೊಂದು ಸಲವೂ ಚುಕ್ಕೆ ಬಂದದ್ದು. ಮೇಷ್ಟ್ರು ಪೆನ್ನಿನ ಮುಚ್ಚಳ ಹಾಕಿ ತೆಗೆದು ಮಾಡುತ್ತಿದ್ದರು. ಆಮೇಲೆ ಕೊನೆಯ ಚಿತ್ರ ಬಂತು. ಮೂರು ತಟ್ಟೆಗಳು, ಸಾಲಾಗಿ.

"ಇದು ತುಂಡಿನದಲ್ಲ ಸರ್. ತುಂಡು ತೊಳೆದ ನೀರಿನದು," ಎಂದಳು. "ಮೊದಲನೇ ಗಂಟೆಯ ನೀರಲ್ಲಿ ಒಂದೂ ಬೆಳೆಯಲಿಲ್ಲ. ಗಂಟೆಗಂಟೆಗೂ ಹೊಸ ನೀರು ಹಾಕ್ತಾ ಹೋದೆ. ಇಪ್ಪತ್ನಾಲ್ಕನೇ ಗಂಟೆಯದ್ರಲ್ಲಿ ಸ್ವಲ್ಪ ಬೆಳೀತು. ಎಪ್ಪತ್ತೆರಡನೇ ಗಂಟೆಯದ್ರಲ್ಲಿ ಪೂರ್ತಿ."

"ಅಂದ್ರೆ ನಿಂದು ಅಂಟ್ತಾನೇ ಇಲ್ಲ ಅಂತಾಯ್ತು," ಎಂದರು ಮೇಷ್ಟ್ರು. "ಅದನ್ನ ಹೇಳಕ್ಕೆ ಎರಡೂವರೆ ವರ್ಷ ಬೇಕಾಯ್ತಾ?"

"ನಂದು ಅಂಟ್ತಿಲ್ಲ, ಹೌದು ಸರ್. ಇಲ್ಲಾಂದ್ರೆ," ಅವಳು ಪರದೆಯ ಕಡೆ ತಿರುಗಿದಳು, "ಯಾರದ್ದೂ ಅಂಟಿಲ್ಲ."

ಪೆನ್ನಿನ ಮುಚ್ಚಳದ ಸದ್ದು ನಿಂತಿತು. ಪರದೆಯ ಮೇಲಿನ ಮೊದಲ ತಟ್ಟೆ, ಖಾಲಿಯದು, ಅವನು ಆರು ವರ್ಷದ ಹಿಂದೆ ಉಗಿಪಾತ್ರೆಗೆ ತಳ್ಳಿದ್ದ ತಟ್ಟೆಯೇ ಎದ್ದು ಬಂದ ಹಾಗಿತ್ತು. ಅವಳು ಯಾರ ಕಡೆಗೂ ಬೆರಳು ತೋರಿಸಿರಲಿಲ್ಲ. ತನಗೆ ಕಂಡದ್ದನ್ನು ಹೇಳಿ ಪರದೆಯ ಬೆಳಕಿನಲ್ಲಿ ಒಂದು ಕಣ್ಣು ಕಿರಿದು ಮಾಡಿಕೊಂಡು ನಿಂತಿದ್ದಳು. ಅವಳಿಗೆ ಬೇಕಾಗಿದ್ದದ್ದು ಒಂದೇ ವಾಕ್ಯ. ಆ ವಾಕ್ಯ ಅವನ ನಾಲಿಗೆಯ ಕೆಳಗೆ ಮಾತ್ರೆಯ ಹಾಗೆ ಕರಗದೆ ಕೂತಿತ್ತು. ಹೇಳಿದರೆ ಪ್ರಬಂಧ ಹೋಗುತ್ತದೆ, ಪಿಎಚ್‌ಡಿ ಹೋಗುತ್ತದೆ, ಕೆಲಸ ಹೋಗುತ್ತದೆ, ತಲೆದಿಂಬಿನ ಪಕ್ಕದ ಪ್ಲಾಸ್ಟಿಕ್ ಹೊದಿಕೆ ಹೋಗುತ್ತದೆ. ಇಷ್ಟೆಲ್ಲ ಹೋಗುವುದಕ್ಕಿಂತ ಹೆಚ್ಚಾಗಿ ಅವನನ್ನು ಹಿಡಿದು ನಿಲ್ಲಿಸಿದ್ದು ಬೇರೆಯೇ ಒಂದು, ಅವನು ನಾಚಿಕೆಯಿಂದ ಗುರುತಿಸಿದ: ಗೋಡೆಗೆ ಒರಗಿದವರು ನಗುತ್ತಾರೆ.

ಮೇಷ್ಟ್ರು ನಿಧಾನವಾಗಿ ಅವನ ಕಡೆ ತಿರುಗಿದರು. "ಹೇಳಪ್ಪಾ. ನೀನು ತೊಳೆದಿದ್ದೆ ತಾನೇ?"

"ತೊಳೆದಿದ್ದೆ ಸರ್," ಎಂದ.

ಅದು ನಿಜ. ಬೀಕರಿನ ನೀರು ಸುತ್ತುತ್ತಿದ್ದದ್ದು, ತುಂಡುಗಳು ಅದರಲ್ಲಿ ಗಿರಗಿರನೆ ತಿರುಗುತ್ತಿದ್ದದ್ದು, ಎಲ್ಲ ಕಣ್ಣಿಗೆ ಕಟ್ಟಿದಂತಿತ್ತು. ಮೇಷ್ಟ್ರು ಎಷ್ಟು ಹೊತ್ತು ಎಂದು ಕೇಳಲಿಲ್ಲ. ಅವರ ಕಣ್ಣು ಅವನ ಕಣ್ಣಿನ ಮೇಲೆ ಬೇಕಾದ್ದಕ್ಕಿಂತ ಒಂದು ಕ್ಷಣ ಹೆಚ್ಚು ಇತ್ತು. ಬಾಗಿಲ ಚೌಕಟ್ಟಿಗೆ ಕೈ ಊರಿ ಗಡಿಯಾರ ನೋಡಿದ ಕಣ್ಣು ಅದೇ. ಅವರೂ ಆ ಪ್ರಶ್ನೆಯನ್ನು ಆರು ವರ್ಷ ಕೇಳದೆ ಕಾಪಾಡಿಕೊಂಡು ಬಂದಿದ್ದಾರೆ ಎಂದು ಅವನಿಗೆ ಮೊದಲ ಸಲ ಹೊಳೆಯಿತು. ಆ ಹೊಳಹಿನಲ್ಲಿ ಸಮಾಧಾನವಿರಲಿಲ್ಲ. ಒಂದೇ ಹಾಸಿಗೆಯಲ್ಲಿ ಇನ್ನೊಬ್ಬನ ಬೆವರಿನ ವಾಸನೆ ಬಂದಂತಾಯಿತು.

"ಮತ್ತೆ ಇವಳಿಗೆ ಯಾಕೆ ಅಂಟ್ತಿಲ್ಲ?"

"ಮೊದಲ ಹಂತದಲ್ಲಿ ತೇವ ಉಳ್ಕೊಂಡಿರಬಹುದು ಸರ್."

ಅವನ ಬಾಯಿಗೆ ಅದು ಎಷ್ಟು ಸಲೀಸಾಗಿ ಬಂತೆಂದರೆ, ಬೆಳಗಿನಿಂದ ಹುಡುಕುತ್ತಿದ್ದ ಮೊದಲ ವಾಕ್ಯ ಅದೇ ಇರಬೇಕು ಎನ್ನಿಸಿತು. ಅವಳು ಜಗಳವಾಡಬಹುದು ಎಂದುಕೊಂಡಿದ್ದ. ತುಂಡುಗಳನ್ನು ಎರಡು ದಿನ ನಿರ್ವಾತದಲ್ಲಿ ಒಣಗಿಸಿದ್ದೇನೆ ಎಂದು ಅವಳು ಹೇಳಬಹುದಿತ್ತು. ಒಣಗಿಸಿದ್ದಳು, ಅವನೇ ನೋಡಿದ್ದ. ಅವಳು ನೋಟ್‌ಪುಸ್ತಕ ತೆರೆದು 'ತೇವ' ಎಂದು ಬರೆದುಕೊಂಡು ಅದರ ಕೆಳಗೆ ಗೆರೆ ಎಳೆದಳು.

"ಗಾಜು ಒಂದೇ, ರಾಸಾಯನಿಕ ಒಂದೇ, ಕೈ ಬೇರೆ," ಎಂದರು ಮೇಷ್ಟ್ರು, ಈಗ ದನಿಯಲ್ಲಿ ಕೋಪವಿಲ್ಲ, ಬರೀ ಆಯಾಸ. "ಎಲ್ಲರಿಗೂ ಎಲ್ಲಾ ಕೆಲಸ ಒಗ್ಗಲ್ಲಮ್ಮಾ. ಈ ತಿಂಗಳಿಗೆ ಮುಗಿಸ್ಬಿಡು. ಮುಂದಿನದು ಬೇರೆಯವರು ನೋಡ್ತಾರೆ. ಬುದ್ಧಿವಂತೆ ನೀನು, ಎಲ್ಲಾದ್ರೂ ಪಾಠ ಹೇಳೋ ಕೆಲಸ ಸಿಗತ್ತೆ." ಗೋಡೆಯ ಕಡೆಯಿಂದ ಯಾರೋ ಪಿಸುದನಿಯಲ್ಲಿ, ಎಪ್ಪತ್ತೆರಡಕ್ಕೆ ಸೊನ್ನೆ ಎಂದರು. ನಗು ಬಂತು, ಸಣ್ಣದು. ಅವನು ಮೇಜಿನ ಮೂಲೆಯ ಲ್ಯಾಮಿನೇಟನ್ನು ಒತ್ತಿ ಹಿಡಿದುಕೊಂಡಿದ್ದ. ಬಿಟ್ಟರೆ ಏಳುತ್ತದೆ.

ಮಧ್ಯಾಹ್ನ ಅವಳು ಗಾಜಿನ ಉಪಕರಣವನ್ನು ಕೀಲು ಕೀಲಾಗಿ ಬಿಚ್ಚಿ ತೊಳೆಯುತ್ತಿದ್ದಳು. ಅವನಿಗೆ ಆ ಕೋಣೆಗೆ ಹೋಗುವ ಕೆಲಸವೇನೂ ಇರಲಿಲ್ಲ. ಖಾಲಿ ಸೀಸೆಯೊಂದನ್ನು ಹುಡುಕುವವನ ಹಾಗೆ ಹೋಗಿ ಕಪಾಟು ತೆರೆದು ನಿಂತ. ಅವಳ ಕಣ್ಣಿನ ಸುತ್ತ ಕೆಂಪಗಿತ್ತು, ದನಿ ಎಂದಿನ ಹಾಗೇ ಇತ್ತು.

"ಸರ್, ಒಂದು ಕೇಳ್ಲಾ? ತಪ್ಪು ತಿಳ್ಕೋಬೇಡಿ."

"ಕೇಳು."

"ಈ ನೀರು ಗಳಗಳ ಅಂತ ಇಳಿಯತ್ತಲ್ಲ, ನೀವು ಮಾಡೋವಾಗ ಎಷ್ಟು ನಿಮಿಷಕ್ಕೊಂದು ಸಲ ಇಳೀತಿತ್ತು?"

ಅವನಿಗೆ ಒಂದು ಕ್ಷಣ ಅರ್ಥವಾಗಲಿಲ್ಲ. ಆಮೇಲೆ ಅರ್ಥವಾಯಿತು. ಆ ಗಾಜಿನ ಪಕ್ಕ ಮೂರು ದಿನ ಕೂತವನಿಗೆ ಮಾತ್ರ ಅದು ಗೊತ್ತಿರುತ್ತದೆ. ಯಾವ ಪ್ರಬಂಧದಲ್ಲೂ ಅದನ್ನು ಬರೆಯುವುದಿಲ್ಲ. ಅವಳು ಅವನ ಕಣ್ಣನ್ನೇ ನೋಡುತ್ತಿದ್ದಳು. ಗೊತ್ತಿಲ್ಲ ಎಂದರೆ ಸಾಕಿತ್ತು. ಮರೆತಿದ್ದೇನೆ ಎಂದು ತೊದಲಿದರೂ ಅವಳಿಗೆ ತಿಳಿದುಹೋಗುತ್ತಿತ್ತು. ಅವನು ಏನೂ ಒಪ್ಪಿಕೊಳ್ಳದೆ, ಒಂದು ವಾಕ್ಯವನ್ನೂ ಆಡದೆ, ಅವಳು ತನ್ನ ಕೈಯ ಮೇಲೆ ತನಗಿದ್ದ ನಂಬಿಕೆಯನ್ನು ಉಳಿಸಿಕೊಂಡು ಹೋಗುತ್ತಿದ್ದಳು. ಬಾಗಿಲು ಅಷ್ಟು ತೆರೆದಿತ್ತು.

"ಹದಿನೆಂಟು," ಎಂದ.

ಅವಳು ಕೈಯಲ್ಲಿದ್ದ ಕೊಳವೆಯನ್ನು ಮೆಲ್ಲಗೆ ಕೆಳಗಿಟ್ಟಳು. ಬೆನ್ನು ಸ್ವಲ್ಪ ಬಾಗಿತು, ಹೊರಲಾರದ್ದನ್ನು ಹೊತ್ತವರ ಹಾಗೆ ಅಲ್ಲ, ಹೊತ್ತದ್ದನ್ನು ಯಾರೋ ಕಿತ್ತುಕೊಂಡವರ ಹಾಗೆ. "ಹೌದು. ನಂದೂ ಹದಿನೆಂಟೇ," ಎಂದಳು. "ಹಾಗಾದ್ರೆ ನಿಜವಾಗ್ಲೂ ನನ್ನ ಕೈಯೇ ಸರಿಯಿಲ್ಲ ಸರ್. ನಾನು... ನಾನು ನಿಮ್ಮ ಮೇಲೆ ಅನುಮಾನ ಪಟ್ಟಿದ್ದೆ. ಒಂದು ತಿಂಗಳಿಂದ. ಕ್ಷಮಿಸಿ."

"ಪರವಾಗಿಲ್ಲಮ್ಮಾ," ಎಂದ. ಕ್ಷಮಿಸಿಯೂ ಬಿಟ್ಟೆನಲ್ಲ ಎಂದು ಕಾರಿಡಾರಿಗೆ ಬಂದ ಮೇಲೆ ಗೊತ್ತಾಯಿತು. ಕೈಯಲ್ಲಿ ಬೇಡದ ಒಂದು ಖಾಲಿ ಸೀಸೆಯಿತ್ತು.

ಮನೆಗೆ ಬರುವಾಗ ಇನ್ನೂ ಬೆಳಕಿತ್ತು. ಡಾಕ್ಟರು ಬಂದುಹೋಗಿದ್ದರು. ಹೊಸ ಟ್ಯೂಬು ಸ್ವಚ್ಛವಾಗಿ, ಒಳಗೆ ಏನೂ ಅಂಟದೆ, ಹೊದಿಕೆಯ ಕೆಳಗಿನಿಂದ ಇಳಿದು ಹೊಸ ಚೀಲಕ್ಕೆ ಸೇರಿತ್ತು. ಹಳೆಯದು ಮೂಲೆಯ ಬುಟ್ಟಿಯಲ್ಲಿ ಕಟ್ಟಿದ ಚೀಲದೊಳಗಿತ್ತು. ಹೆಂಡತಿ ಒಳಗೆ ಪಾತ್ರೆ ತೊಳೆಯುವ ಸದ್ದು ಕೇಳುತ್ತಿತ್ತು. ಜ್ವರ ಇಳಿದಿತ್ತು, ಮಾವ ದಿಂಬಿಗೆ ಒರಗಿ ಕೂತಿದ್ದರು, ತೊಡೆಯ ಮೇಲೆ ಪ್ರಬಂಧ.

"ಬಾರಪ್ಪಾ. ಬೆಳಿಗ್ಗೆ ನೀನು ಕೇಳಿದ್ಮೇಲೆ ಮತ್ತೊಂದು ಸಲ ಪೂರ್ತಿ ಓದ್ದೆ," ಎಂದರು. "ಇಲ್ಲ. ಒಂದೂ ಇಲ್ಲ."

ಅವನು ಮಂಚದ ಪಕ್ಕ ಮೊಣಕಾಲೂರಿ ಹೊಸ ಚೀಲದ ಬಿರಡೆ ಸರಿಯಾಗಿ ಮುಚ್ಚಿದೆಯೇ ನೋಡಿದ. ಮುಚ್ಚಿತ್ತು.

"ಆ ಹುಡುಗಿ ಏನಾದ್ಲು? ಎಪ್ಪತ್ತೆರಡು?"

"ಬಿಟ್ಟು ಹೋಗ್ತಾಳೆ ಮಾವ. ಅವಳಿಗೆ ಬರ್ಲಿಲ್ಲ."

"ಅಯ್ಯೋ ಪಾಪ." ಮಾವ ಪ್ರಬಂಧವನ್ನು ಪ್ಲಾಸ್ಟಿಕ್ ಹೊದಿಕೆಗೆ ಸೇರಿಸಿ, ಅಂಚು ಮಡಿಯದ ಹಾಗೆ ಸವರಿ ದಿಂಬಿನ ಪಕ್ಕಕ್ಕಿಟ್ಟರು. "ನೀನು ಒಂಚೂರು ಹೇಳ್ಕೊಡ್ಬಾರ್ದಿತ್ತೇನಪ್ಪಾ?"

"ಹೇಳ್ದೆ ಮಾವ. ಅವಳು ಕೇಳಿದ್ದಕ್ಕೆಲ್ಲಾ ಹೇಳ್ದೆ."

ತೊಳೆದದ್ದು ನಲವತ್ತೇ ನಿಮಿಷ ಎಂದು ಅವನು ಹೇಳಿರಲಿಲ್ಲ.